ಬೆರಳಿನಿಂದ ಬಲೂನಿನವರೆಗೆ: ಹೃದಯದ ಕದ ತೆರೆದ ಕಥೆ

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಹೊರಟು ಕೋಟೆಯ ದಿಕ್ಕಿಗೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಆಸ್ಪತ್ರೆಗಳ ಸಾಲು ಸಿಗುತ್ತದೆ. ಕಣ್ಣಿಗೆ ಮಿಂಟೋ, ಹೆರಿಗೆಗೂ ಮಕ್ಕಳಿಗೂ ವಾಣಿವಿಲಾಸ, ಉಳಿದೆಲ್ಲಕ್ಕೂ ವಿಕ್ಟೋರಿಯ. ಮಗ್ಗುಲಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, ಆಚೆಗೆ ಕೃಷ್ಣರಾಜ ಮಾರುಕಟ್ಟೆ. ಹೂವಿನ ವಾಸನೆ, ಬಸ್ಸಿನ ಹೊಗೆ, ಫಿನಾಯಿಲ್ ಮೂರೂ ಬೆರೆತ ಈ ಜಾಗದಲ್ಲಿ ಬೆಂಗಳೂರಿನ ನೂರಿಪ್ಪತ್ತೈದು ವರ್ಷಗಳ ವೈದ್ಯಕೀಯ ಚರಿತ್ರೆ ಒತ್ತೊತ್ತಾಗಿ ನಿಂತಿದೆ. ವಿಕ್ಟೋರಿಯ ರಾಣಿಯ ಆಳ್ವಿಕೆಗೆ ಅರುವತ್ತು ವರ್ಷ ತುಂಬಿದ ನೆನಪಿಗೆ, 1897ರ ಜೂನ್ 22ರಂದು, ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ದೊಡ್ಡಾಸ್ಪತ್ರೆಗೆ ಅಡಿಗಲ್ಲು ಹಾಕಿದರು. 1900ರ ಡಿಸೆಂಬರ್ 8ರಂದು ವೈಸರಾಯ್ ಕರ್ಜನ್ ಅದನ್ನು ತೆರೆದ. ನಡುವಿನ ಮೂರು ವರ್ಷಗಳಲ್ಲಿ ಊರಿಗೆ ಪ್ಲೇಗ್ ಬಂದು ಪೇಟೆ ಅರ್ಧ ಖಾಲಿಯಾಗಿತ್ತು. ಬಸವನಗುಡಿ, ಮಲ್ಲೇಶ್ವರದ ಅಗಲ ಬೀದಿಗಳಿಗೆ ಜನ ಹೋಗತೊಡಗಿದ್ದು ಆಗಲೇ.

ಈ ತಾರೀಖುಗಳ ಪಕ್ಕದಲ್ಲಿ ಇನ್ನೊಂದು ಇಸವಿಯನ್ನು ಇಟ್ಟು ನೋಡಬೇಕು: 1896. ಆ ವರ್ಷ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯ ಎದೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಪುಸ್ತಕ ಬರೆದು, ಹೃದಯದ ವಿಷಯದಲ್ಲಿ ಕತ್ತಿ ಹಿಡಿದವರು ಪ್ರಕೃತಿ ಹಾಕಿದ ಗಡಿಯನ್ನು ಮುಟ್ಟಿಯಾಗಿದೆ, ಇನ್ನು ಮುಂದಕ್ಕೆ ದಾರಿಯಿಲ್ಲ ಎಂಬ ಅರ್ಥದ ಮಾತು ಹೇಳಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಲುಡ್ವಿಗ್ ರೇನ್, ಚೂರಿ ಇರಿತಕ್ಕೆ ಸಿಕ್ಕಿದ್ದ ಒಬ್ಬ ಯುವಕನ ಹೃದಯಕ್ಕೆ ಮೂರು ಹೊಲಿಗೆ ಹಾಕಿದ. ಯುವಕ ಬದುಕಿಕೊಂಡ. ಪಂಡಿತರ ಗಡಿರೇಖೆ ಕೆಲವು ತಿಂಗಳೂ ಬಾಳಲಿಲ್ಲ.

ಆದರೆ ಹೊರಗಿನ ಗಾಯಕ್ಕೆ ಹೊಲಿಗೆ ಹಾಕುವುದು ಬೇರೆ, ಒಳಗೆ ಕೈಯಿಡುವುದು ಬೇರೆ. ವಿಕ್ಟೋರಿಯ ಆಸ್ಪತ್ರೆ ಬಾಗಿಲು ತೆರೆದಾಗ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಹೃದಯದ ಒಳಭಾಗವನ್ನು ದುರಸ್ತಿ ಮಾಡಿದವರು ಇರಲಿಲ್ಲ. ಏದುಸಿರು ಬಿಡುತ್ತ ಬಂದ ಹದಿನೆಂಟರ ಹೆಣ್ಣುಮಗಳ ಎದೆಗೆ ಸ್ಟೆತಾಸ್ಕೋಪು ಇಟ್ಟ ವೈದ್ಯನಿಗೆ ರೋಗ ಏನೆಂದು ಗೊತ್ತಾಗುತ್ತಿತ್ತು. ಮರ್ಮರ ಕೇಳುತ್ತಿತ್ತು. ಡಿಜಿಟಾಲಿಸ್ ಕೊಟ್ಟು, ಉಪ್ಪು ಬಿಡಿಸಿ, ಮಂಚದಲ್ಲಿ ದಿಂಬಿಗೆ ಒರಗಿಸಿ ಕೂರಿಸುವುದಷ್ಟೇ ಅವನ ಕೈಲಿದ್ದದ್ದು. ತಿಳಿವಳಿಕೆ ಮುಂದೆ, ಚಿಕಿತ್ಸೆ ಬಹಳ ಹಿಂದೆ ಇದ್ದ ಕಾಲ ಅದು.

ಆ ಹೆಣ್ಣುಮಗಳ ರೋಗ ಬಹುಮಟ್ಟಿಗೆ ಒಂದೇ ಆಗಿರುತ್ತಿತ್ತು. ಐದರಿಂದ ಹದಿನೈದರ ವಯಸ್ಸಿನಲ್ಲಿ ಗಂಟಲು ನೋವು ಬರುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ ಅದಕ್ಕೆ ಕಾರಣ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳಲ್ಲಿ ಅದು ಬೇಗ ಹರಡುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬಂದು ಮಂಡಿ, ಮೊಣಕೈ ಊದಿಕೊಳ್ಳುತ್ತವೆ. ಗಂಟಲಿನ ಶತ್ರುವಿನ ಮೇಲೆ ಯುದ್ಧಕ್ಕೆ ಹೊರಟ ದೇಹದ ಕಾವಲುಪಡೆ ತನ್ನದೇ ಹೃದಯದ ಮೇಲೆ ಬಿದ್ದಿರುತ್ತದೆ. ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುವ ಜ್ವರ ಎಂದು ವೈದ್ಯಕೀಯ ಪಾಠಗಳಲ್ಲಿ ಹಳೆಯ ಮಾತಿದೆ. ಊತ ಇಳಿಯುತ್ತದೆ, ಮನೆಯವರು ಮರೆಯುತ್ತಾರೆ. ವರ್ಷಗಳು ಕಳೆದ ಮೇಲೆ, ಮದುವೆಯಾಗಿ ಬಸುರಿಯಾದಾಗಲೋ ಮಹಡಿ ಹತ್ತುವಾಗಲೋ ಉಸಿರು ಕಟ್ಟುತ್ತದೆ. ಅಷ್ಟರಲ್ಲಿ ಹೃದಯದ ಎಡಭಾಗದ ಕವಾಟದ ಅಂಚುಗಳು ಒಂದಕ್ಕೊಂದು ಅಂಟಿ, ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕಾದ ದ್ವಾರ ಒಂದು ಸೆಂಟಿಮೀಟರಿನ ಆಸುಪಾಸಿಗೆ ಕುಗ್ಗಿರುತ್ತದೆ. ಹಿಂದೆ ನಿಂತ ರಕ್ತ ಶ್ವಾಸಕೋಶವನ್ನು ನೆನೆಸುತ್ತದೆ.

ಕವಾಟ ಎಂದರೆ ಬಾಗಿಲಿನ ಕದ. ಇಂಗ್ಲಿಷಿನವರ ‘ವಾಲ್ವ್’ ಎಂಬ ಪದದ ಲ್ಯಾಟಿನ್ ಮೂಲದ ಅರ್ಥವೂ ಅದೇ ಆದ್ದರಿಂದ ಅನುವಾದ ಸೊಗಸಾಗಿ ಕೂತಿದೆ. ‘ಹೃತ್ಕರ್ಣ’ ಎಂಬ ಪದವೂ ಹಾಗೆಯೇ: ಹೃದಯದ ಮೇಲಿನ ಕೋಣೆಗೆ ಅಂಟಿಕೊಂಡ ಸಣ್ಣ ಚೀಲ ನಾಯಿಯ ಕಿವಿಯಂತೆ ಕಂಡದ್ದರಿಂದ ಬಂದ ಹೆಸರು. ಮೈಟ್ರಲ್ ಕವಾಟದ ವಿಷಯದಲ್ಲಿ ಮಾತ್ರ ಪೂರ್ವ ಪಶ್ಚಿಮಗಳ ಕಣ್ಣು ಬೇರೆಯಾಯಿತು. ಹದಿನಾರನೆಯ ಶತಮಾನದ ವೆಸಾಲಿಯಸ್‌ಗೆ ಅದು ಬಿಷಪ್ಪರ ಕಿರೀಟದಂತೆ ಕಂಡಿತು. ಕನ್ನಡ ಪಠ್ಯಪುಸ್ತಕಗಳಲ್ಲಿ ಅದು ದ್ವಿದಳ ಕವಾಟ. ಕಡಲೆಕಾಯಿ ಪರಿಷೆ ನಡೆಯುವ ಊರಿನವರಿಗೆ ದ್ವಿದಳ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ, ಸಿಪ್ಪೆ ಸುಲಿದ ಬೀಜವನ್ನು ಬೆರಳಲ್ಲಿ ಒತ್ತಿದರೆ ಸಾಕು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದ್ದು ಕನ್ನಡ ಇಂಥ ಮಾತುಗಳನ್ನು ಆಡಬಲ್ಲದು ಎಂದು ತೋರಿಸಲಿಕ್ಕೇ. ಪತ್ರಿಕೆ ಎರಡೇ ವರ್ಷ ನಡೆಯಿತು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಈಗ ಕೇಳಿಸುವುದು ‘ಹಾರ್ಟಲ್ಲಿ ತೂತು’, ‘ವಾಲ್ವ್ ಲೀಕು’. ಇದನ್ನು ನಾನು ದೂರುವುದಿಲ್ಲ. ಹೆದರಿ ಕೂತ ತಾಯಿಗೆ ‘ತೂತು’ ಅರ್ಥವಾದಷ್ಟು ಬೇಗ ‘ಕುಕ್ಷಿಯಾಂತರ ರಂಧ್ರ’ ಅರ್ಥವಾಗದು.

ಅಂಟಿಕೊಂಡ ಕದವನ್ನು ಬಿಡಿಸಿದರೆ ಆಗದೆ ಎಂದು ಕೇಳಿದವನು ಲಂಡನ್ನಿನ ವೈದ್ಯ ಲಾಡರ್ ಬ್ರಂಟನ್. 1902ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವನು ಬರೆದ ಸಣ್ಣ ಟಿಪ್ಪಣಿಗೆ ಬಂದದ್ದು ಹೆಚ್ಚಾಗಿ ಟೀಕೆ. ಇಪ್ಪತ್ತು ವರ್ಷ ಯಾರೂ ಕೈ ಹಾಕಲಿಲ್ಲ. 1923ರ ಮೇ ತಿಂಗಳಲ್ಲಿ ಬಾಸ್ಟನ್ನಿನ ಎಲಿಯಟ್ ಕಟ್ಲರ್ ಹನ್ನೆರಡು ವರ್ಷದ ಹುಡುಗಿಯ ಹೃದಯದೊಳಕ್ಕೆ ಸಣ್ಣ ಚಾಕು ತೂರಿಸಿ ಕವಾಟವನ್ನು ಕತ್ತರಿಸಿದ. ಹುಡುಗಿ ನಾಲ್ಕು ವರ್ಷಕ್ಕೂ ಮಿಕ್ಕಿ ಬದುಕಿದಳು. ಆದರೆ ಆಮೇಲಿನ ರೋಗಿಗಳು ಒಬ್ಬೊಬ್ಬರಾಗಿ ತೀರಿಕೊಂಡರು, ಕಟ್ಲರ್ ಕೈಬಿಟ್ಟ. ತಪ್ಪಾಗಿದ್ದು ಎಲ್ಲಿ ಎಂದು ಈಗ ಹೇಳುವುದು ಸುಲಭ. ಅವನು ಕದವನ್ನು ಬಿಡಿಸದೆ ಕದದ ಹಲಗೆಯನ್ನೇ ಕತ್ತರಿಸುತ್ತಿದ್ದ. ಇಕ್ಕಟ್ಟು ಹೋಗಿ ಸೋರಿಕೆ ಬರುತ್ತಿತ್ತು. ಹೃದಯಕ್ಕೆ ಹಠಾತ್ತಾಗಿ ಬಂದ ಸೋರಿಕೆಯನ್ನು ತಾಳುವುದು ಇಕ್ಕಟ್ಟಿಗಿಂತ ಕಷ್ಟ.

1925ರ ಮೇ 6ರಂದು ಲಂಡನ್ ಆಸ್ಪತ್ರೆಯ ಹೆನ್ರಿ ಸೂಟಾರ್ ಚಾಕುವಿನ ಬದಲು ಬೆರಳನ್ನು ನಂಬಿದ. ಹತ್ತೊಂಬತ್ತರ ಹುಡುಗಿ. ಹೃದಯದ ಆ ‘ಕಿವಿ’ಯಲ್ಲಿ ಸಣ್ಣ ಸೀಳು ಮಾಡಿ ತೋರುಬೆರಳನ್ನು ಒಳಕ್ಕೆ ಇಳಿಸಿದ. ರಕ್ತ ತುಂಬಿ ಮಿಡಿಯುತ್ತಿರುವ ಕೋಣೆಯಲ್ಲಿ ಕಣ್ಣಿಗೆ ಕೆಲಸವಿಲ್ಲ. ಬೆರಳಿಗೆ ಕವಾಟದ ಅಂಚು ಸಿಕ್ಕಿತು, ಪ್ರತಿ ಬಡಿತಕ್ಕೂ ಹಿಂದಕ್ಕೆ ಚಿಮ್ಮುವ ರಕ್ತದ ಧಾರೆ ತಾಕಿತು. ಕತ್ತರಿಸಬೇಕೆಂದು ಹೋದವನು, ಸೋರಿಕೆ ಆಗಲೇ ಇದೆ ಎಂದು ಬೆರಳಿನಿಂದಲೇ ತಿಳಿದು, ಕತ್ತರಿಸದೆ ಕವಾಟವನ್ನು ಬೆರಳಿನಲ್ಲೇ ಹಿಗ್ಗಿಸಿ ಹಿಂದೆ ಬಂದ. ಹುಡುಗಿ ಗುಣವಾಗಿ ಮನೆಗೆ ಹೋದಳು, ಐದು ವರ್ಷ ಬದುಕಿದಳು. ಇದಾದ ಮೇಲೆ ಸೂಟಾರನ ಹತ್ತಿರ ಯಾವ ವೈದ್ಯನೂ ಇನ್ನೊಬ್ಬ ರೋಗಿಯನ್ನು ಕಳುಹಿಸಲಿಲ್ಲ. ರೋಗ ಇರುವುದು ಹೃದಯದ ಸ್ನಾಯುವಿನಲ್ಲಿ, ಕವಾಟದಲ್ಲಿ ಅಲ್ಲ ಎಂಬುದು ಆ ಕಾಲದ ದೊಡ್ಡ ವೈದ್ಯರ ಮತ. ಗೆದ್ದ ಚಿಕಿತ್ಸೆಯೊಂದು ಮತದ ಕಾರಣಕ್ಕೆ ಇಪ್ಪತ್ತಮೂರು ವರ್ಷ ಮೂಲೆಗೆ ಬಿತ್ತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಪ್ರಸಂಗ ಇದು. ಅಷ್ಟು ವರ್ಷಗಳಲ್ಲಿ ಸತ್ತ ಹರೆಯದ ಹೆಣ್ಣುಮಕ್ಕಳ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ಎರಡನೆಯ ಮಹಾಯುದ್ಧದಲ್ಲಿ ಡ್ವೈಟ್ ಹಾರ್ಕೆನ್ ಎಂಬ ಅಮೆರಿಕದ ಸೇನಾವೈದ್ಯ ಸೈನಿಕರ ಹೃದಯದ ಒಳಗಿಂದಲೂ ಸುತ್ತಲಿಂದಲೂ ಗುಂಡಿನ ಚೂರುಗಳನ್ನು ಒಂದೊಂದಾಗಿ ತೆಗೆದ ಮೇಲೆ ಭಯ ಸ್ವಲ್ಪ ಬಿಟ್ಟಿತು. 1948ರಲ್ಲಿ ಮೂರು ಕಡೆ ಕದ ತೆರೆಯಿತು: ಫಿಲಡೆಲ್ಫಿಯದಲ್ಲಿ ಚಾರ್ಲ್ಸ್ ಬೇಲಿ, ಬಾಸ್ಟನ್ನಿನಲ್ಲಿ ಹಾರ್ಕೆನ್, ಲಂಡನ್ನಿನಲ್ಲಿ ರಸೆಲ್ ಬ್ರಾಕ್. ಬೇಲಿಯ ಕಥೆಯನ್ನು ಧೈರ್ಯ ಎನ್ನಬೇಕೋ ಭಂಡತನ ಎನ್ನಬೇಕೋ ನಿರ್ಧರಿಸುವುದು ಕಷ್ಟ. ಮೊದಲ ಮೂವರು ಸತ್ತಿದ್ದರು. ಜೂನ್ 10ರಂದು ಬೆಳಗ್ಗೆ ಒಂದು ಆಸ್ಪತ್ರೆಯಲ್ಲಿ ನಾಲ್ಕನೆಯವರು ಮೇಜಿನ ಮೇಲೆಯೇ ಸತ್ತರು. ಸುದ್ದಿ ಹರಡಿ ಯಾರಾದರೂ ತಡೆಯುವ ಮೊದಲೇ ಅವನು ಇನ್ನೊಂದು ಆಸ್ಪತ್ರೆಗೆ ಧಾವಿಸಿ ಐದನೆಯ ರೋಗಿಗೆ ಶಸ್ತ್ರಚಿಕಿತ್ಸೆ ಮಾಡಿದ. ಇಪ್ಪತ್ತನಾಲ್ಕರ ಆ ಗೃಹಿಣಿ ಬದುಕಿದಳು. ಇಂದು ಯಾವ ನೀತಿಸಮಿತಿಯೂ ಒಪ್ಪದ ಆ ಮಧ್ಯಾಹ್ನದಿಂದ ಜಗತ್ತಿನಾದ್ಯಂತ ಲಕ್ಷಾಂತರ ಜನ ಬದುಕಿದ್ದಾರೆ.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನಿಂದ ಮದರಾಸಿನ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರು. ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ‘ವೆಲ್ಲೂರಿಗೆ ಕರೆದುಕೊಂಡು ಹೋದರು’ ಎಂಬ ಮಾತಿಗೆ, ಇಲ್ಲಿ ಆಗುವುದೆಲ್ಲ ಮುಗಿಯಿತು, ಇನ್ನೊಂದೇ ಬಾಗಿಲು ಉಳಿದಿದೆ ಎಂಬ ಅರ್ಥವಿತ್ತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ನಲವತ್ತರ ದಶಕದ ಕೊನೆಗೆ ಬಂದ ಅಮೆರಿಕದ ಶಸ್ತ್ರವೈದ್ಯ ರೀವ್ ಬೆಟ್ಸ್ ಎದೆಯ ಶಸ್ತ್ರಚಿಕಿತ್ಸೆಗೆ ಭಾರತದಲ್ಲಿ ಮೊದಲ ಗಟ್ಟಿ ವಿಭಾಗವನ್ನು ಕಟ್ಟಿದ. ಬೆರಳಿನಿಂದಲೋ, ಬೆರಳಿನ ಜೊತೆಗೆ ಒಳಹೋಗಿ ಅರಳುವ ಲೋಹದ ಸಾಧನದಿಂದಲೋ ಕವಾಟ ಬಿಡಿಸುವ ಈ ‘ಮುಚ್ಚಿದ’ ವಿಧಾನ ನಮ್ಮ ದೇಶಕ್ಕೆ ಹೇಳಿ ಮಾಡಿಸಿದಂತಿತ್ತು. ಹೃದಯವನ್ನು ನಿಲ್ಲಿಸಬೇಕಿಲ್ಲ, ಯಂತ್ರ ಬೇಡ, ಬಾಟಲಿಗಟ್ಟಲೆ ರಕ್ತ ಬೇಡ. ಶ್ರೀಮಂತ ದೇಶಗಳು ಇದನ್ನು ಬಿಟ್ಟು ತೆರೆದ ಶಸ್ತ್ರಚಿಕಿತ್ಸೆಗೆ ಹೋದ ಮೇಲೂ ವೆಲ್ಲೂರು ಬಿಡಲಿಲ್ಲ. 1983ರಲ್ಲಿ ಸ್ಟ್ಯಾನ್ಲಿ ಜಾನ್ ಮತ್ತು ಸಂಗಡಿಗರು ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಒಂದೇ ಆಸ್ಪತ್ರೆಯ 3,724 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಹಿಂದುಳಿದ ತಂತ್ರ ಎಂದು ಮೂಗು ಮುರಿಯುವವರಿಗೆ ಆ ಸಂಖ್ಯೆಯೇ ಸಾಕಷ್ಟು ಉತ್ತರ.

ದೆಹಲಿಯ ಸುಜೊಯ್ ರಾಯ್ 1963ರಲ್ಲಿ ಲ್ಯಾನ್ಸೆಟ್‌ನಲ್ಲಿ ತೋರಿಸಿದ ಇನ್ನೊಂದು ಸಂಗತಿ ಇದೆ. ಪಶ್ಚಿಮದ ಪುಸ್ತಕಗಳ ಪ್ರಕಾರ ಕವಾಟ ಕುಗ್ಗಲು ಜ್ವರ ಬಂದ ಮೇಲೆ ದಶಕಗಳು ಬೇಕು. ಇಲ್ಲಿ ಇಪ್ಪತ್ತು ತುಂಬದ ಮಕ್ಕಳಲ್ಲೇ ಕವಾಟ ಪೂರ್ತಿ ಕುಗ್ಗಿರುತ್ತಿತ್ತು. ಬೇರೆ ದೇಶದಲ್ಲಿ ನಡುವಯಸ್ಸಿನವರ ಕಾಯಿಲೆ, ನಮ್ಮಲ್ಲಿ ಶಾಲೆಯ ಹುಡುಗಿಯ ಕಾಯಿಲೆ.

ಹುಟ್ಟಿನಿಂದಲೇ ಬರುವ ದೋಷಗಳ ಕಥೆ ಇದಕ್ಕೆ ಸಮಾನಾಂತರವಾಗಿ ಬೇರೆ ಹಾದಿಯಲ್ಲಿ ನಡೆಯಿತು. ಸಾವಿರ ಮಕ್ಕಳು ಹುಟ್ಟಿದರೆ ಎಂಟೊಂಬತ್ತು ಮಕ್ಕಳ ಹೃದಯದಲ್ಲಿ ಏನಾದರೊಂದು ಊನ ಇರುತ್ತದೆ, ಯಾವ ದೇಶವಾದರೂ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಇರುವುದು ಬಹಳ ಸಾಮಾನ್ಯ. ಸಣ್ಣದಾದರೆ ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಹುಟ್ಟಿದ ಕೂಡಲೇ ಮುಚ್ಚಬೇಕಾದ ನಾಳವೊಂದು ತೆರೆದೇ ಉಳಿಯುವುದು ಇನ್ನೊಂದು. ಇದನ್ನು ಮೊದಲು ಕಟ್ಟಿದವನು ಬಾಸ್ಟನ್ನಿನ ರಾಬರ್ಟ್ ಗ್ರಾಸ್, 1938ರ ಆಗಸ್ಟ್ 26ರಂದು, ಏಳು ವರ್ಷದ ಹುಡುಗಿಗೆ. ಅವನ ಮೇಲಧಿಕಾರಿ ಆಗ ರಜೆಯಲ್ಲಿದ್ದ. ಊರಲ್ಲಿದ್ದಿದ್ದರೆ ಒಪ್ಪುತ್ತಿರಲಿಲ್ಲ.

ನೀಲಿ ಮಕ್ಕಳದು ಬೇರೆ ಕಷ್ಟ. 1888ರಲ್ಲಿ ಮಾರ್ಸೆಯ ಫ್ಯಾಲೊ ವಿವರಿಸಿದ ನಾಲ್ಕು ದೋಷಗಳ ಕೂಟದಲ್ಲಿ ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟಾಗಿ, ಆಮ್ಲಜನಕ ಸಿಗದ ರಕ್ತ ತೂತಿನ ಮೂಲಕ ಮೈಗೆ ಹರಿಯುತ್ತದೆ. ತುಟಿ, ಉಗುರು ನೇರಳೆ. ನಾಲ್ಕು ಹೆಜ್ಜೆ ಓಡಿದರೆ ಮಗು ಕುಕ್ಕರಗಾಲಲ್ಲಿ ಕೂತುಬಿಡುತ್ತದೆ. ಹಾಗೆ ಕೂತಾಗ ಕಾಲಿನ ರಕ್ತನಾಳಗಳು ಒತ್ತಿ, ಮೈಗೆ ಹೋಗುವ ದಾರಿಯಲ್ಲಿ ಒತ್ತಡ ಹೆಚ್ಚಿ, ಶ್ವಾಸಕೋಶದ ಕಡೆಗೆ ಒಂದಿಷ್ಟು ಹೆಚ್ಚು ರಕ್ತ ತಿರುಗುತ್ತದೆ. ಯಾರೂ ಹೇಳಿಕೊಡದೆ ಮಗು ಕಂಡುಕೊಂಡ ಚಿಕಿತ್ಸೆ ಅದು. ನಮ್ಮಲ್ಲಿ ಇಂಥ ಮಕ್ಕಳಿಗೆ ಬಾಲಗ್ರಹ ಎಂದು ತಾಯಿತ ಕಟ್ಟಿಸಿದವರಿದ್ದಾರೆ, ಸೋಮಾರಿ ಎಂದು ಗದರಿದವರೂ ಇದ್ದಾರೆ.

1944ರ ನವೆಂಬರ್ 29ರಂದು ಬಾಲ್ಟಿಮೋರಿನಲ್ಲಿ ಹದಿನೈದು ತಿಂಗಳ ಮಗುವಿಗೆ, ಕೈಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಜೋಡಿಸಿ ಹೊಸ ಕಾಲುವೆ ತೋಡಲಾಯಿತು. ಇದು ಬೇಕೆಂದು ಹಟ ಹಿಡಿದವಳು ಹೆಲೆನ್ ಟಾಸಿಗ್, ಕಿವಿ ಮಂದವಾಗಿ ಮಕ್ಕಳ ಎದೆಯನ್ನು ಬೆರಳಿನಿಂದ ಮುಟ್ಟಿ ಮರ್ಮರವನ್ನು ಓದುತ್ತಿದ್ದ ವೈದ್ಯೆ. ಕತ್ತಿ ಹಿಡಿದವನು ಆಲ್‌ಫ್ರೆಡ್ ಬ್ಲಾಲಾಕ್. ಅವನ ಬೆನ್ನ ಹಿಂದೆ ಮಣೆಯ ಮೇಲೆ ನಿಂತು ಹೊಲಿಗೆ ಹೊಲಿಗೆಗೂ ದಾರಿ ಹೇಳಿದವನು ವಿವಿಯೆನ್ ಥಾಮಸ್, ಬಡಗಿ ಕೆಲಸ ಕಲಿತಿದ್ದ, ಕಾಲೇಜಿನ ಮೆಟ್ಟಿಲು ಹತ್ತಲಾಗದ ಕಪ್ಪು ಜನಾಂಗದ ಪ್ರಯೋಗಾಲಯ ಸಹಾಯಕ. ನಾಯಿಗಳ ಮೇಲೆ ಈ ಜೋಡಣೆಯನ್ನು ರೂಢಿಸಿಕೊಂಡಿದ್ದವನು ಅವನೇ. ಹೆಸರು ಬಹುಕಾಲ ಮಿಕ್ಕಿಬ್ಬರದಷ್ಟೇ ಆಗಿತ್ತು. ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಗುರುವಿನ ಮುಂದೆ ಕೂರಲಾಗದೆ ವಿದ್ಯೆ ಕಲಿತವನ ಕಥೆ ನಮಗೇನು ಹೊಸದಲ್ಲ. ಇಲ್ಲಿ ಬೆರಳು ಮಾತ್ರ ಉಳಿಯಿತು.

ಇವೆಲ್ಲ ಹೃದಯದ ಹೊರಗಿನ ಕೊಳಾಯಿ ಕೆಲಸ. ಒಳಗಿನ ತೂತು ಮುಚ್ಚಬೇಕಾದರೆ ಹೃದಯವನ್ನು ತೆರೆದು ನೋಡಬೇಕು. ತೆರೆದರೆ ಮೆದುಳಿಗೆ ರಕ್ತವಿಲ್ಲ. ನಾಲ್ಕು ನಿಮಿಷಕ್ಕೆ ಮೆದುಳು ಸಾಯತೊಡಗುತ್ತದೆ. 1952ರಲ್ಲಿ ಮಿನೆಸೋಟದ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯ ಮೈಯನ್ನು 28 ಡಿಗ್ರಿಗೆ ತಣ್ಣಗಾಗಿಸಿ ಐದೂವರೆ ನಿಮಿಷ ಗಳಿಸಿದ, ತೂತು ಹೊಲಿದ. 1953ರ ಮೇ 6ರಂದು ಫಿಲಡೆಲ್ಫಿಯದ ಜಾನ್ ಗಿಬ್ಬನ್, ಹೆಂಡತಿ ಮೇರಿಯ ಜೊತೆ ಇಪ್ಪತ್ತು ವರ್ಷ ತೇಯ್ದು ರೂಪಿಸಿದ ಯಂತ್ರಕ್ಕೆ ಹದಿನೆಂಟರ ಹುಡುಗಿಯ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು 26 ನಿಮಿಷ ಒಪ್ಪಿಸಿದ. ಅವಳು ಉಳಿದಳು, ಆಮೇಲೆ ಬಂದ ಮಕ್ಕಳು ಉಳಿಯಲಿಲ್ಲ. ಗಿಬ್ಬನ್ ಮತ್ತೆಂದೂ ಆ ಯಂತ್ರದ ಹತ್ತಿರ ಹೋಗಲಿಲ್ಲ.

ಮುಂದಿನ ವರ್ಷ ಮಾರ್ಚ್ 26ರಂದು ವಾಲ್ಟನ್ ಲಿಲ್ಲೆಹೈ ಮಾಡಿದ್ದು ಕೇಳಿದರೆ ಪುರಾಣದಂತಿದೆ. ಯಂತ್ರದ ಬದಲು ತಂದೆ. ಹದಿಮೂರು ತಿಂಗಳ ಮಗು ಒಂದು ಮೇಜಿನ ಮೇಲೆ, ಅದೇ ರಕ್ತದ ಗುಂಪಿನ ಅಪ್ಪ ಪಕ್ಕದ ಮೇಜಿನ ಮೇಲೆ. ನಡುವೆ ಕೊಳವೆ. ಅಪ್ಪನ ಹೃದಯ ಇಬ್ಬರಿಗೂ ಮಿಡಿಯಿತು, ಅಪ್ಪನ ಶ್ವಾಸ ಇಬ್ಬರಿಗೂ ಸಾಕಾಯಿತು, ಅಷ್ಟರಲ್ಲಿ ತೂತು ಮುಚ್ಚಿತು. ಒಂದು ಶಸ್ತ್ರಚಿಕಿತ್ಸೆಯಲ್ಲಿ ಇಬ್ಬರು ಸಾಯಬಹುದು, ಅಂದರೆ ನೂರಕ್ಕೆ ಇನ್ನೂರು ಸಾವು ಎಂದು ಸಹೋದ್ಯೋಗಿಗಳು ಕುಟುಕಿದರು. ಆ ಮೊದಲ ಮಗು ಹನ್ನೊಂದು ದಿನಕ್ಕೆ ನ್ಯುಮೋನಿಯದಿಂದ ತೀರಿಕೊಂಡಿತು. ಹೀಗೆ ಚಿಕಿತ್ಸೆ ಪಡೆದ 45 ಮಂದಿಯಲ್ಲಿ 28 ಮಂದಿ ಮನೆಗೆ ಹೋದರು. ದಾನಿಗಳಲ್ಲಿ ಯಾರೂ ಸಾಯಲಿಲ್ಲ, ಆದರೆ ಒಬ್ಬರಿಗೆ ತೀವ್ರ ಹಾನಿಯಾಯಿತು. 1955ರಲ್ಲಿ ಅವನ ಕಿರಿಯ ಸಹಾಯಕ ರಿಚರ್ಡ್ ಡಿವಾಲ್ ಆಹಾರದ ಕಾರ್ಖಾನೆಗಳಲ್ಲಿ ಬಳಸುವ ಪ್ಲಾಸ್ಟಿಕ್ ಕೊಳವೆಯಿಂದ ರಕ್ತಕ್ಕೆ ಆಮ್ಲಜನಕ ಬೆರೆಸುವ ಅಗ್ಗದ ಸಾಧನ ಮಾಡಿದ ಮೇಲೆ ಅಪ್ಪಂದಿರಿಗೆ ಬಿಡುಗಡೆ ಸಿಕ್ಕಿತು. ಬೆಂಗಳೂರಿನಲ್ಲಿ, ಕೋಟೆಯ ಬದಿಯಲ್ಲಿ, ಮೆಡಿಕಲ್ ಕಾಲೇಜು ಶುರುವಾದದ್ದೂ 1955ರಲ್ಲೇ.

ಯಂತ್ರ ಬಳಸಿ ಹೃದಯ ತೆರೆಯುವ ಕೆಲಸ ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ವೆಲ್ಲೂರು, ಮುಂಬಯಿಗಳಲ್ಲಿ ನಡೆಯಿತು. ಬೆಂಗಳೂರಿನ ಹೃದಯ ಚಿಕಿತ್ಸೆ ಬೆಳೆದದ್ದು ನಿಧಾನವಾಗಿ, ವಿಕ್ಟೋರಿಯ ಆಸ್ಪತ್ರೆಯ ಆವರಣದಲ್ಲಿ. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳ ಹೆಸರಿನ ಹೃದ್ರೋಗ ಸಂಸ್ಥೆ ಮೊಳೆತದ್ದು ಅಲ್ಲಿ. ಆಮೇಲೆ ಬನ್ನೇರುಘಟ್ಟ ರಸ್ತೆಗೆ ಹೋಯಿತು. ಆ ಸ್ವಾಮಿಗಳನ್ನು ಹಳಬರು ನೆನೆಯುವುದು ಬಡ ಹುಡುಗರಿಗೆ ಕಟ್ಟಿಸಿದ ಹಾಸ್ಟೆಲುಗಳಿಗಾಗಿ. ಓದಿಗೆ ಅನ್ನ ಹಾಕಿದವರ ಹೆಸರು ಆಸ್ಪತ್ರೆಗೆ ಬಂದದ್ದು ನಮ್ಮ ಕಡೆಯ ರೀತಿ.

ಅಂಟಿದ ಕದವನ್ನು ಬಿಡಿಸಬಹುದು, ಕದವೇ ಸುಣ್ಣಗಟ್ಟಿ ಮುರುಟಿದರೆ? ಹೊಸದನ್ನು ಕೂರಿಸಬೇಕು. 1960ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ನಿವೃತ್ತ ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಸೇರಿ ಪಂಜರದೊಳಗೆ ಏರಿಳಿಯುವ ಸಿಲಿಕೋನ್ ಚೆಂಡನ್ನು ಮೈಟ್ರಲ್ ಜಾಗದಲ್ಲಿ ಇಟ್ಟರು. ರಾತ್ರಿ ನಿಶ್ಶಬ್ದದಲ್ಲಿ ಟಿಕ್ ಟಿಕ್ ಸದ್ದು ರೋಗಿಗೇ ಕೇಳುತ್ತಿತ್ತು. ಆಮೇಲೆ ವಾಲುವ ಬಿಲ್ಲೆ ಬಂತು, ಎರಡೆಲೆಯ ಕವಾಟ ಬಂತು, ಹಂದಿಯ ಮತ್ತು ದನದ ಅಂಗಾಂಶದಿಂದ ಮಾಡಿದ ಕವಾಟಗಳು ಬಂದವು. ಎಲ್ಲವೂ ಡಾಲರಿನಲ್ಲಿ.

1974ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೆ ಬಂದ ಎಂ.ಎಸ್. ವಲಿಯತ್ತಾನ್ ಅವರ ಮುಂದಿದ್ದ ಪ್ರಶ್ನೆ ಇದೇ. ರೋಗಿಗಳು ಬಡವರು, ಚಿಕ್ಕವರು, ಕವಾಟ ಹೊರದೇಶದ್ದು. ಇಲ್ಲೇ ಮಾಡಿದರೆ? ಹೃದಯದ ಕವಾಟ ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಸಲ ತೆರೆದು ಮುಚ್ಚುತ್ತದೆ. ಮೂವತ್ತು ನಲವತ್ತು ವರ್ಷ ಸವೆಯದೆ, ಮುರಿಯದೆ, ರಕ್ತ ಹೆಪ್ಪುಗಟ್ಟಿಸದೆ ನಡೆಯುವ ಕದ ಬೇಕು. ಮೊದಲ ಮಾದರಿಯಲ್ಲಿ ಬೆಸೆದ ಕಡ್ಡಿ ಮುರಿಯಿತು. ಎರಡನೆಯದರಲ್ಲಿ ಟೈಟಾನಿಯಂ ಸವೆಯಿತು. ಮೂರನೆಯದರಲ್ಲಿ ನೀಲಮಣಿಯ ಬಿಲ್ಲೆ ಒಡೆಯಿತು. ಪ್ರತಿ ಸೋಲಿಗೂ ವರ್ಷಗಳು ಹೋದವು. ನಾಲ್ಕನೆಯದು ನಿಂತಿತು: ಕೋಬಾಲ್ಟ್ ಮಿಶ್ರಲೋಹದ ಒಂದೇ ತುಂಡಿನಿಂದ ಕಡೆದ ಚೌಕಟ್ಟು, ಅದರಲ್ಲಿ ವಾಲುವ ಗಟ್ಟಿ ಪಾಲಿಥೀನ್ ಬಿಲ್ಲೆ, ಹೊಲಿಯಲು ಸುತ್ತ ಪಾಲಿಯೆಸ್ಟರ್ ಬಟ್ಟೆಯ ಅಂಚು. ನೀಲಮಣಿಗೆ ಆಗದ್ದು ಪ್ಲಾಸ್ಟಿಕ್ಕಿಗೆ ಆಯಿತು. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಕೂರಿಸಿದರು. ಟಿಟಿಕೆ ಕಂಪನಿ ತಯಾರಿಸುವ ಈ ಕವಾಟ ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಕೂತಿದೆ. ವಲಿಯತ್ತಾನ್ ಆಮೇಲೆ ಮಣಿಪಾಲದ ಕುಲಪತಿಗಳಾಗಿ ಕರ್ನಾಟಕಕ್ಕೆ ಬಂದರು, ಚರಕ, ಸುಶ್ರುತ, ವಾಗ್ಭಟರನ್ನು ಓದಿ ದೊಡ್ಡ ಪುಸ್ತಕಗಳನ್ನು ಬರೆದರು, 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಆದರೆ ಲೋಹದ ಕವಾಟ ಕೂರಿಸಿದಲ್ಲಿಗೆ ಕಥೆ ಮುಗಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು. ವಾರ್ಫರಿನ್ ಎಂಬ ಈ ಔಷಧಿ ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದದ್ದು. ಕಡಮೆಯಾದರೆ ಕವಾಟದಲ್ಲಿ ಹೆಪ್ಪು ಕೂತು ಬಿಲ್ಲೆ ಸಿಕ್ಕಿಕೊಳ್ಳುತ್ತದೆ, ಇಲ್ಲವೆ ಚೂರು ಹಾರಿ ಮೆದುಳಿಗೆ ಹೋಗುತ್ತದೆ. ಹೆಚ್ಚಾದರೆ ಒಳಗೆ ರಕ್ತ ಸೋರುತ್ತದೆ. ಆಗಾಗ ರಕ್ತ ಪರೀಕ್ಷೆ ಬೇಕು. ಊಟವೂ ಲೆಕ್ಕಕ್ಕೆ ಬರುತ್ತದೆ: ಸೊಪ್ಪಿನಲ್ಲಿರುವ ಕೆ ವಿಟಮಿನ್ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಸೊಪ್ಪು ಬಿಡಬೇಕೆಂದಲ್ಲ, ಒಂದು ವಾರ ಇಲ್ಲವೇ ಇಲ್ಲ, ಇನ್ನೊಂದು ವಾರ ದಿನವೂ ಬಸ್ಸಾರು ಎಂದಾಗಬಾರದು, ಅಷ್ಟೆ. ಹಳ್ಳಿಯಿಂದ ಬಂದವರಿಗೆ ಇದನ್ನು ಯಾರು ಕೂತು ಹೇಳುತ್ತಾರೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೂ ಒಂದು ತೊಡಕು. ವಾರ್ಫರಿನ್ ಗರ್ಭದ ಮಗುವಿಗೆ ಕೇಡು ಮಾಡಬಲ್ಲದು, ಬಿಟ್ಟರೆ ತಾಯಿಗೆ ಅಪಾಯ. ಅಂಗಾಂಶದ ಕವಾಟ ಹಾಕಿದರೆ ಆ ಮಾತ್ರೆಯ ಹಂಗಿಲ್ಲ, ಆದರೆ ಎಳೆಯ ಮೈಯಲ್ಲಿ ಅದು ಬೇಗ ಸವೆಯುತ್ತದೆ, ಮತ್ತೆ ಎದೆ ಸೀಳಬೇಕಾಗುತ್ತದೆ. ಇದ್ದ ಕವಾಟವನ್ನೇ ರಿಪೇರಿ ಮಾಡಿ ಉಳಿಸುವುದು ಎಲ್ಲಕ್ಕಿಂತ ಒಳ್ಳೆಯದು ಎಂದು ಪ್ಯಾರಿಸ್ಸಿನ ಅಲೆನ್ ಕಾರ್ಪೆಂಟಿಯೆ ತೋರಿಸಿಕೊಟ್ಟಿದ್ದಾನೆ. ಕೀಲುವಾತ ಜ್ವರ ಕಚ್ಚಿದ ಕವಾಟದಲ್ಲಿ ಅದು ಪ್ರತಿ ಸಲ ಆಗುವುದಿಲ್ಲ. ಹೀಗೆ ಆಯ್ಕೆಗಳು ಹೆಚ್ಚಾದಂತೆ ಪ್ರಶ್ನೆ ಬರಿಯ ವೈದ್ಯಕೀಯವಾಗಿ ಉಳಿಯಲಿಲ್ಲ. ಮದುವೆ ಯಾವಾಗ, ಮಗು ಬೇಕೆ, ಊರಲ್ಲಿ ರಕ್ತ ಪರೀಕ್ಷೆ ಇದೆಯೆ, ಮಾತ್ರೆಗೆ ದುಡ್ಡು ಯಾರು ಕೊಡುತ್ತಾರೆ ಎಂಬುದೆಲ್ಲ ಆಪರೇಷನ್ ಥಿಯೇಟರಿನ ಒಳಕ್ಕೆ ಬಂತು.

ಆದ್ದರಿಂದಲೇ ಕತ್ತಿಯಿಲ್ಲದೆ ಕದ ತೆರೆಯುವ ದಾರಿ ಇಲ್ಲಿ ಅಷ್ಟು ಬೇಗ ಬೇರೂರಿತು. ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೌಯೆ 1982ರಲ್ಲಿ ಮೊದಲು ಪ್ರಯೋಗಿಸಿ 1984ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತೊಡೆಯ ಅಭಿಧಮನಿಯಿಂದ ತೆಳು ಕೊಳವೆ ಹೃದಯದ ಬಲಕೋಣೆಗೆ ಹೋಗುತ್ತದೆ, ನಡುಗೋಡೆಯನ್ನು ಸೂಜಿಯಲ್ಲಿ ಚುಚ್ಚಿ ಎಡಕ್ಕೆ ದಾಟುತ್ತದೆ. ತುದಿಯ ಬಲೂನಿನ ಮುಂಭಾಗ ಮೊದಲು ಉಬ್ಬುತ್ತದೆ. ಹಿಂದಕ್ಕೆ ಎಳೆದಾಗ ಕವಾಟಕ್ಕೆ ಸಿಕ್ಕಿಕೊಂಡು ಡಮರುವಿನ ಆಕಾರದಲ್ಲಿ ಕೂರುತ್ತದೆ. ಆಮೇಲೆ ನಡುವೂ ಉಬ್ಬಿ ಅಂಟಿದ ಅಂಚು ಬಿಡುತ್ತದೆ. ಸೂಟಾರನ ಬೆರಳು ಮಾಡಿದ್ದು ಇದನ್ನೇ. ಶಸ್ತ್ರಚಿಕಿತ್ಸೆಗೆ ಇದು ಸಮವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ನಮ್ಮ ನೆರೆಯಲ್ಲಿ: ಹೈದರಾಬಾದಿನ ನಿಜಾಮ್ ಸಂಸ್ಥೆಯ ಅರುವತ್ತು ರೋಗಿಗಳ ಹೋಲಿಕೆ 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂತು. ಮೂರು ವರ್ಷದ ಕೊನೆಗೆ ಬಲೂನು ಹಿಂದೆ ಬಿದ್ದಿರಲಿಲ್ಲ. ಜಯದೇವ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಹೆಸರಾದವರು ಡಾ. ಸಿ.ಎನ್. ಮಂಜುನಾಥ್. 2006ರಿಂದ 2024ರವರೆಗೆ ನಿರ್ದೇಶಕರಾಗಿದ್ದ ಅವರು ಮೊದಲು ಚಿಕಿತ್ಸೆ, ದುಡ್ಡಿನ ಮಾತು ಆಮೇಲೆ ಎಂಬ ಪದ್ಧತಿ ತಂದರು. ಒಂದೇ ಬಲೂನನ್ನು ಶುದ್ಧ ಮಾಡಿ ಮತ್ತೆ ಬಳಸುವುದು ನಮ್ಮ ದೇಶದ ಆಸ್ಪತ್ರೆಗಳಲ್ಲಿ ರೂಢಿಯಾಯಿತು. ಪುಸ್ತಕದ ಪ್ರಕಾರ ತಪ್ಪಿರಬಹುದು, ಹಾಗೆ ಮಾಡದಿದ್ದರೆ ಬಲೂನು ಬಡವರ ಹತ್ತಿರ ಬರುತ್ತಿರಲಿಲ್ಲ.

ಮಕ್ಕಳ ಹೃದಯಕ್ಕೆ ಬೆಂಗಳೂರು ಹೆಸರಾದದ್ದು 2001ರ ಆಸುಪಾಸಿನಲ್ಲಿ. ಆ ವರ್ಷದ ಜನವರಿ 19ರಂದು ವೈಟ್‌ಫೀಲ್ಡಿನಲ್ಲಿ ಸತ್ಯಸಾಯಿ ಸಂಸ್ಥೆಯ ಆಸ್ಪತ್ರೆ ತೆರೆಯಿತು, ಬಿಲ್ ಬರೆಯುವ ಕೌಂಟರೇ ಇಲ್ಲದ ಆಸ್ಪತ್ರೆ. ಕಿನ್ನಿಗೋಳಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಓದಿ, ಲಂಡನ್, ಕೋಲ್ಕತ್ತಗಳನ್ನು ಸುತ್ತಿ ಬಂದ ದೇವಿ ಶೆಟ್ಟಿಯವರು ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದ್ದೂ ಅದೇ ಹೊತ್ತಿಗೆ. ಅವರ ಲೆಕ್ಕ ಸರಳ: ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದಷ್ಟೂ ಒಂದೊಂದರ ಖರ್ಚು ಇಳಿಯುತ್ತದೆ, ಕೈಯೂ ಪಳಗುತ್ತದೆ. ಕಾರ್ಖಾನೆ ಎಂದು ಹಂಗಿಸಿದವರಿದ್ದಾರೆ. ಅವರ ಸಲಹೆಯೂ ಸೇರಿ ರೂಪುಗೊಂಡ ಯಶಸ್ವಿನಿ ಯೋಜನೆ 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಜಾರಿಗೆ ಬಂತು, ತಿಂಗಳಿಗೆ 5 ರೂಪಾಯಿಯ ಕಂತಿನಲ್ಲಿ. ಹಾಲಿನ ಡೇರಿಯ ಪುಸ್ತಕದಲ್ಲಿ ಹೆಸರಿದ್ದವನಿಗೆ ಹೃದಯದ ಶಸ್ತ್ರಚಿಕಿತ್ಸೆ ಎಟುಕಿದ್ದು ಕನ್ನಡ ನಾಡಿನ ಸಣ್ಣ ಸಾಧನೆಯಲ್ಲ. ಆ ವರ್ಷದ ಜುಲೈಯಲ್ಲಿ, ಒಂದೂವರೆ ವರ್ಷ ನಿಂತಿದ್ದ ದೆಹಲಿ–ಲಾಹೋರ್ ಬಸ್ಸು ಮತ್ತೆ ಹೊರಟಾಗ ಅದರಲ್ಲಿ ಲಾಹೋರಿನ ಎರಡೂವರೆ ವರ್ಷದ ಹೆಣ್ಣುಮಗುವೊಂದಿತ್ತು. ಅದರ ಹೃದಯದ ತೂತು ಮುಚ್ಚಿದ್ದು ಬೊಮ್ಮಸಂದ್ರದಲ್ಲಿ.

ಈಗ ಮೇಲಿನ ಕೋಣೆಗಳ ನಡುವಿನ ತೂತನ್ನು ಎಷ್ಟೋ ಸಲ ಕೊಡೆಯಂತೆ ಬಿಚ್ಚಿಕೊಳ್ಳುವ ತಂತಿಜಾಲದಿಂದ, ಎದೆ ಸೀಳದೆ ಮುಚ್ಚುತ್ತಾರೆ. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ತೋರಿದಂತೆ ವಯಸ್ಸಾದವರ ಸುಣ್ಣಗಟ್ಟಿದ ಮಹಾಪಧಮನಿಯ ಕವಾಟಕ್ಕೂ ತೊಡೆಯಿಂದಲೇ ಹೊಸ ಕವಾಟ ಕಳುಹಿಸುತ್ತಾರೆ. ಮಕ್ಕಳು ಹೊರದೇಶದಲ್ಲಿದ್ದು ಹಿರಿಯರಷ್ಟೇ ಉಳಿದ ಬಸವನಗುಡಿ, ಮಲ್ಲೇಶ್ವರದ ಮನೆಗಳಿಗೆ ಇನ್ನು ಮುಂದೆ ಹೆಚ್ಚು ಬೇಕಾಗುವುದು ಇದೇ ಇರಬಹುದು. ಬೆಲೆ ಮಾತ್ರ ಲಕ್ಷಗಳಲ್ಲಿ.

ಇಷ್ಟೆಲ್ಲ ಇದ್ದೂ ತಡವಾಗಿ ಬರುವ ಮಕ್ಕಳು ತಪ್ಪಿಲ್ಲ. ಕೆಳಗಿನ ಗೋಡೆಯ ದೊಡ್ಡ ತೂತನ್ನು ಮೊದಲ ಒಂದು ವರ್ಷದೊಳಗೆ ಮುಚ್ಚದಿದ್ದರೆ ಶ್ವಾಸಕೋಶದ ನಾಳಗಳು ಹೆಚ್ಚಿದ ಒತ್ತಡಕ್ಕೆ ದಪ್ಪಗಾಗಿ ಬಿಗಿದುಕೊಳ್ಳುತ್ತ ಹೋಗುತ್ತವೆ. ಒಂದು ಹಂತ ದಾಟಿದ ಮೇಲೆ ರಕ್ತ ಹಿಂದುಮುಂದಾಗಿ ಹರಿಯತೊಡಗಿ, ಕೆಂಪಗಿದ್ದ ಮಗು ನೀಲಿಯಾಗುತ್ತದೆ. ಆಗ ತೂತು ಮುಚ್ಚಿದರೆ ಮಗು ಸಾಯಬಹುದು. ಎಂಟು ತಿಂಗಳಲ್ಲಿ ಸುಲಭವಿದ್ದ ಶಸ್ತ್ರಚಿಕಿತ್ಸೆಗೆ ಹತ್ತನೆಯ ವರ್ಷದಲ್ಲಿ ಜಗತ್ತಿನ ದೊಡ್ಡ ಶಸ್ತ್ರವೈದ್ಯನೂ ಆಗದು ಎನ್ನಬೇಕಾಗುತ್ತದೆ. ತಾಯಿಗೆ ಮೊದಲು ಕಾಣುವ ಲಕ್ಷಣ ಬಹಳ ಸಾಮಾನ್ಯವಾದದ್ದು: ಹಾಲು ಕುಡಿಯುವಾಗ ಮಗು ನಡುನಡುವೆ ನಿಲ್ಲಿಸುತ್ತದೆ, ಹಣೆ ಬೆವರುತ್ತದೆ, ತೂಕ ಏರುವುದಿಲ್ಲ.

ಕೀಲುವಾತ ಜ್ವರಕ್ಕಾದರೋ ಇವೆಲ್ಲಕ್ಕಿಂತ ಹಳೆಯ, ಅಗ್ಗದ ಔಷಧಿ ಇದೆ. ಮೂರು ವಾರಕ್ಕೊಮ್ಮೆ ಬೆಂಜತೀನ್ ಪೆನಿಸಿಲಿನ್ ಸೂಜಿ. ಮದ್ದು ಗಟ್ಟಿ, ಸೂಜಿ ದಪ್ಪ, ಚುಚ್ಚಿಸಿಕೊಂಡ ಹುಡುಗಿ ಎರಡು ದಿನ ಕುಂಟುತ್ತಾಳೆ. ಬಲೂನು ಹಾಕಿಸಿಕೊಂಡವಳಿಗೂ, ಚಿತ್ರಾ ಕವಾಟ ಕೂರಿಸಿಕೊಂಡವಳಿಗೂ ಅದು ತಪ್ಪುವುದಿಲ್ಲ, ಉಳಿದ ಕವಾಟಗಳನ್ನು ಕಾಯಬೇಕಲ್ಲ. ಆಪರೇಷನ್ ಆಯಿತಲ್ಲ, ಇನ್ನೇಕೆ ಎಂದು ಬಿಟ್ಟವರು ಮತ್ತೆ ಗಂಟಲು ನೋವು, ಮತ್ತೆ ಜ್ವರದಲ್ಲಿ ಅದೇ ಹೊರರೋಗಿ ಸಾಲಿಗೆ ಬಂದು ನಿಲ್ಲುತ್ತಾರೆ.